ಮುದ್ದಿನ ಬೆಕ್ಕಿನ ಊಟದ ಹಠ

'ಡಾಕ್ಟರೇ, ಮೊನ್ನೆಯವರೆಗೂ ಆಸೆಯಿಂದ ತಿನ್ನುತ್ತಿದ್ದ ಮೀನನ್ನು ಈಗ ಮೂಸಿ ನೋಡಿ ಹಾಗೇ ಬಿಟ್ಟು ಹೋಗುತ್ತದೆ. ಹಾಲನ್ನ ಕಲಸಿಟ್ಟರೆ ಹಾಲು ಮಾತ್ರ ನೆಕ್ಕಿ ಅನ್ನ ಉಳಿಸುತ್ತದೆ. ಏನು ಮಾಡೋಣ?'

ರಕ್ತದೊತ್ತಡ ನೋಡಿಸಿಕೊಳ್ಳಲು ಬಂದವರು ಚೀಟಿ ಬರೆಸಿಕೊಂಡು ಏಳುವಾಗ ಹೀಗೆ ಕೇಳುವುದುಂಟು. ಮನುಷ್ಯರ ವೈದ್ಯನಿಗೂ ಬೆಕ್ಕಿನ ಊಟಕ್ಕೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಇದೆ. ಬೆಕ್ಕು ಮನೆಯ ಸದಸ್ಯನಾದ ಮೇಲೆ ಅದರ ತಟ್ಟೆಗೆ ಬೀಳುವುದು ನಮ್ಮ ಅಡುಗೆಮನೆಯ ಪದಾರ್ಥ. ಅದಕ್ಕೆ ಹುಷಾರಿಲ್ಲ ಎನಿಸಿದಾಗ ನಮ್ಮ ಕೈ ಹೋಗುವುದು ನಮ್ಮದೇ ಔಷಧದ ಡಬ್ಬಿಗೆ. ಅದು ತಿಂದ ಹಸಿ ಮಾಂಸದಿಂದ ಬರುವ ರೋಗ ಕೆಲವೊಮ್ಮೆ ಮನೆಯವರನ್ನೂ ಮುಟ್ಟುತ್ತದೆ. ಚಿಕಿತ್ಸೆ ಪಶುವೈದ್ಯರ ಕೆಲಸ, ಅದರಲ್ಲಿ ನಾನು ಕೈಹಾಕುವುದಿಲ್ಲ. ಆದರೆ ಯಾವುದು ಬರಿಯ ಹಠ, ಯಾವುದು ಕಾಯಿಲೆ, ಯಾವ ಹೊತ್ತಿಗೆ ಪಶುವೈದ್ಯರ ಬಳಿಗೆ ಓಡಬೇಕು ಎಂಬುದು ಬೆಕ್ಕು ಸಾಕಿದ ಪ್ರತಿ ಮನೆಗೂ ಗೊತ್ತಿರಬೇಕು.

ಹಿಂದೆ ನಮ್ಮ ಹಳ್ಳಿಮನೆಗಳಲ್ಲಿ ಈ ಸಮಸ್ಯೆ ಇರಲಿಲ್ಲ. ಬೆಕ್ಕು ಇದ್ದದ್ದು ಅಟ್ಟದ ಇಲಿಗಾಗಿ, ಕಣಜದ ಹೆಗ್ಗಣಕ್ಕಾಗಿ. ಮನೆಯವರು ಕೊಡುತ್ತಿದ್ದ ಒಂದು ಹಿಡಿ ಹಾಲನ್ನ ಅದಕ್ಕೆ ಕೇವಲ ಉಪಾಹಾರ. ನಿಜವಾದ ಊಟವನ್ನು ಅದು ತಾನೇ ಸಂಪಾದಿಸಿಕೊಳ್ಳುತ್ತಿತ್ತು. ಅಜ್ಜಿ 'ನಮ್ಮ ಬೆಕ್ಕು ಬರೀ ಮೊಸರನ್ನ ತಿಂದು ಹದಿನೈದು ವರ್ಷ ಬದುಕಿತ್ತು' ಎಂದರೆ ನಂಬಿ, ಆದರೆ ಆ ಬೆಕ್ಕು ರಾತ್ರಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಅಜ್ಜಿಯೂ ನೋಡಿರಲಿಲ್ಲ. ಇಂದಿನ ಫ್ಲ್ಯಾಟಿನ ಮೂರನೆಯ ಮಹಡಿಯ ಬೆಕ್ಕು ಇಲಿಯನ್ನೇ ಕಂಡಿರುವುದಿಲ್ಲ. ಅದು ತಿನ್ನುವ ಪ್ರತಿಯೊಂದು ತುತ್ತೂ ನಾವು ಕೊಟ್ಟಿದ್ದು. ಆದ್ದರಿಂದ ನಮ್ಮ ತಪ್ಪು ಲೆಕ್ಕವನ್ನು ಸರಿಪಡಿಸಿಕೊಳ್ಳುವ ದಾರಿ ಅದಕ್ಕೆ ಇಲ್ಲ.

ಸಿಹಿ ತಿಳಿಯದ ನಾಲಿಗೆ

ಬೆಕ್ಕಿನ ಹಠವನ್ನು ಅರ್ಥ ಮಾಡಿಕೊಳ್ಳಲು ಮೊದಲು ಅದರ ನಾಲಿಗೆಯನ್ನು ಅರ್ಥ ಮಾಡಿಕೊಳ್ಳಬೇಕು. ನಮ್ಮ ನಾಲಿಗೆಯ ಮೇಲೆ ಹಲವು ಸಾವಿರ ರಸಾಂಕುರಗಳಿವೆ. ಬೆಕ್ಕಿಗೆ ಇರುವುದು ಸುಮಾರು 500 ಮಾತ್ರ. ಅದರಲ್ಲೂ ಸಿಹಿಯನ್ನು ಗುರುತಿಸುವ ಶಕ್ತಿ ಅದಕ್ಕೆ ಇಲ್ಲವೇ ಇಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2005ರಲ್ಲಿ ಇದರ ಕಾರಣವನ್ನು ಕಂಡುಹಿಡಿದರು. ಸಿಹಿಯನ್ನು ಗ್ರಹಿಸುವ ಗ್ರಾಹಕ ತಯಾರಾಗಲು ಎರಡು ವಂಶವಾಹಿಗಳು ಬೇಕು. ಬೆಕ್ಕಿನ ಜಾತಿಯಲ್ಲಿ ಅವುಗಳಲ್ಲಿ ಒಂದು ಕೆಟ್ಟು ಕೂತಿದೆ. ಹುಲಿ, ಚೀತಾಗಳಲ್ಲೂ ಹಾಗೆಯೇ. ಹಾಗಾದರೆ ಪಾಯಸದ ಪಾತ್ರೆಗೆ ಬೆಕ್ಕು ಬಾಯಿ ಹಾಕುವುದೇಕೆ? ಸಕ್ಕರೆಗಾಗಿ ಅಲ್ಲ, ಹಾಲಿನ ಕೊಬ್ಬಿಗಾಗಿ.

ಮಾಂಸದ ರುಚಿ ಮಾತ್ರ ಅದಕ್ಕೆ ಬಹಳ ಚೆನ್ನಾಗಿ ತಿಳಿಯುತ್ತದೆ. ಉಪ್ಪು, ಹುಳಿ, ಸಿಹಿ, ಕಹಿಗಳ ಜೊತೆಗೆ ಐದನೆಯದಾಗಿ ಲೆಕ್ಕಕ್ಕೆ ಬರುವ, ಜಪಾನೀಯರು 'ಉಮಾಮಿ' ಎಂದು ಹೆಸರಿಟ್ಟ ಮಾಂಸದ ಸಾರಿನ ರುಚಿಗೆ ಬೆಕ್ಕಿನ ನಾಲಿಗೆ ಹೇಗೆ ಸ್ಪಂದಿಸುತ್ತದೆ ಎಂಬುದರ ಬಗ್ಗೆ 2023ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಈ ರುಚಿ ಕೊಡುವ ಪದಾರ್ಥಗಳು ಟ್ಯೂನಾ ಮೀನಿನಲ್ಲಿ ಬೆಕ್ಕಿಗೆ ಒಪ್ಪುವ ಪ್ರಮಾಣದಲ್ಲೇ ಇವೆಯಂತೆ. ಮಂಗಳೂರು, ಕಾರವಾರದ ಕಡೆ ಮೀನಿನ ಬುಟ್ಟಿ ಬಂದ ಹೊತ್ತಿಗೆ ಬೆಕ್ಕು ಬಾಗಿಲಲ್ಲಿ ಕಾದಿರುವುದಕ್ಕೆ ವಿಜ್ಞಾನದ ಸಾಕ್ಷಿ ಈಗ ಸಿಕ್ಕಿತು ಎನ್ನೋಣ!

ರುಚಿಗಿಂತಲೂ ಬೆಕ್ಕಿಗೆ ಮುಖ್ಯವಾದದ್ದು ವಾಸನೆ. ಅದು ಮೊದಲು ಮೂಗಿನಿಂದ ತಿನ್ನುತ್ತದೆ, ಆಮೇಲೆ ಬಾಯಿಯಿಂದ. ಆಹಾರ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ, ವಾಸನೆ ಇಲ್ಲದ್ದು ಅದರ ಲೆಕ್ಕದಲ್ಲಿ ಆಹಾರವೇ ಅಲ್ಲ. ಆಗ ತಾನೇ ಹಿಡಿದ ಇಲಿಯ ಮೈ ಬಿಸಿ ಎಷ್ಟಿರುತ್ತದೆಯೋ ಅಷ್ಟು ಬೆಚ್ಚಗಿದ್ದರೆ ಅದಕ್ಕೆ ಇಷ್ಟ. ಫ್ರಿಜ್ಜಿನಿಂದ ತೆಗೆದ ಮೀನನ್ನು ಹಾಗೇ ಇಟ್ಟು 'ನಿನ್ನೆ ತಿಂದಿದ್ದನ್ನು ಇವತ್ತು ತಿನ್ನುತ್ತಿಲ್ಲ' ಎಂದು ದೂರುವವರು ಅದನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟು ನೋಡಲಿ. ಅರ್ಧದಷ್ಟು ಹಠಗಳು ಅಲ್ಲಿಗೇ ಮುಗಿಯುತ್ತವೆ. ಶೀತವಾಗಿ ಮೂಗು ಕಟ್ಟಿದ ಬೆಕ್ಕು ಊಟ ಬಿಡುವುದೂ ಇದೇ ಕಾರಣಕ್ಕೆ.

ಇನ್ನೊಂದು ಗುಣವಿದೆ. ಬೆಕ್ಕು ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಪ್ರಾಣಿಯಲ್ಲ. ಒಂದು ಇಲಿಯಿಂದ ಸಿಗುವುದು ಸುಮಾರು 30 ಕ್ಯಾಲೊರಿ. ನಾಲ್ಕು ಕಿಲೋ ತೂಗುವ ಮನೆಬೆಕ್ಕಿಗೆ ದಿನಕ್ಕೆ ಬೇಕಾಗುವುದು ಸುಮಾರು 200ರಿಂದ 250 ಕ್ಯಾಲೊರಿ. ಅಂದರೆ ದಿನಕ್ಕೆ ಏಳೆಂಟು ಇಲಿ, ಒಂದೊಂದಾಗಿ, ಹೊತ್ತು ಹೊತ್ತಿಗೆ. ನಾಲ್ಕು ತುತ್ತು ತಿಂದು ಎದ್ದುಹೋಗುವುದು ಅದರ ಹುಟ್ಟುಗುಣ, ಅಡುಗೆ ಚೆನ್ನಾಗಿಲ್ಲ ಎಂಬ ತೀರ್ಪಲ್ಲ. ಗೃಹಿಣಿಯರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕಿಲ್ಲ.

ತೆನಾಲಿ ರಾಮನ ಬೆಕ್ಕು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿಗಳ ಕಾಟ ತಡೆಯಲು ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದರ ಹಾಲಿಗಾಗಿ ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡತೊಡಗಿತು. ಕಥೆ ಹೇಳುವವರು ರಾಮಕೃಷ್ಣನ ಜಾಣತನಕ್ಕೆ ನಗುತ್ತಾರೆ. ವೈದ್ಯರಿಗೆ ಇದರಲ್ಲಿ ಕಾಣುವುದು ಬೇರೆ. ಒಂದು ಆಹಾರದ ಜೊತೆ ಒಮ್ಮೆ ನೋವೋ ವಾಕರಿಕೆಯೋ ಸೇರಿಕೊಂಡರೆ ಬೆಕ್ಕು ಆ ಆಹಾರವನ್ನು ಬಹುಕಾಲ ದ್ವೇಷಿಸುತ್ತದೆ. ಕ್ಯಾನ್ಸರಿಗೆ ಔಷಧ ತೆಗೆದುಕೊಳ್ಳುವ ರೋಗಿಗಳು ವಾಂತಿಯಾದ ದಿನ ತಿಂದಿದ್ದ ತಿಂಡಿಯನ್ನು ತಿಂಗಳುಗಟ್ಟಲೆ ದೂರ ಇಡುವುದನ್ನು ನಾವು ನೋಡುತ್ತೇವೆ. ಇದೂ ಅದೇ.

ಇದರಿಂದ ಒಂದು ಉಪಯುಕ್ತ ಮಾತು ಹೊರಡುತ್ತದೆ. ಬೆಕ್ಕಿನ ಇಷ್ಟದ ತಿಂಡಿಯಲ್ಲಿ ಕಹಿ ಮಾತ್ರೆಯ ಪುಡಿ ಬೆರೆಸಿ ಮೋಸ ಮಾಡಲು ಹೋಗಬೇಡಿ. ಮಾತ್ರೆಯೂ ಒಳಗೆ ಹೋಗುವುದಿಲ್ಲ, ಆ ತಿಂಡಿಯೂ ಕೈತಪ್ಪುತ್ತದೆ. ಸಿಹಿ ತಿಳಿಯದ ಬೆಕ್ಕಿಗೆ ಕಹಿ ಚೆನ್ನಾಗಿ ತಿಳಿಯುತ್ತದೆ. ಹಾಗೆಯೇ ವಾಂತಿ, ಭೇದಿ ಇರುವ ದಿನಗಳಲ್ಲಿ ಹೊಸ ಆಹಾರವನ್ನು ಆರಂಭಿಸಬಾರದು. ಹೊಟ್ಟೆನೋವಿನ ಅಪವಾದವನ್ನೆಲ್ಲ ಆ ಹೊಸ ಆಹಾರ ಹೊರಬೇಕಾಗುತ್ತದೆ.

ಮರಿಯಾಗಿದ್ದಾಗ ಕಲಿತ ರುಚಿಯೂ ಮುಖ್ಯ. ತಾಯಿ ಏನು ತಿನ್ನುತ್ತದೋ ಅದನ್ನೇ ಮರಿಗಳು ಆಹಾರವೆಂದು ಒಪ್ಪುತ್ತವೆ. ಒಂದೇ ಬಗೆಯ ಒಣ ಆಹಾರದಲ್ಲಿ ಬೆಳೆದ ಮರಿಗೆ ದೊಡ್ಡದಾದ ಮೇಲೆ ಬೇಯಿಸಿದ ಕೋಳಿ ಕೊಟ್ಟರೂ ಅದು ಅನುಮಾನದಿಂದ ನೋಡುವುದುಂಟು. ಮರಿ ತಂದವರು ಮೊದಲ ಕೆಲವು ತಿಂಗಳಲ್ಲೇ ಎರಡು ಮೂರು ಬಗೆಯ ಆಹಾರ, ಮೆತ್ತಗಿನದು, ಒಣಗಿದ್ದು ಎರಡನ್ನೂ ರೂಢಿ ಮಾಡಿಸಿದರೆ ಮುಂದೆ ಎಷ್ಟೋ ತಾಪತ್ರಯ ತಪ್ಪುತ್ತದೆ.

'ಹಸಿವಾದರೆ ತಾನೇ ತಿನ್ನುತ್ತೆ'

ಈ ಲೇಖನ ಬರೆಯಲು ಮುಖ್ಯ ಕಾರಣವೇ ಈ ಮಾತು. ಊಟಕ್ಕೆ ಹಠ ಮಾಡುವ ಮಕ್ಕಳ ತಾಯಂದಿರಿಗೆ ನಾವು ವೈದ್ಯರು ಹೇಳುವುದೂ ಇದನ್ನೇ. 'ತಟ್ಟೆ ಹಿಡಿದು ಹಿಂದೆ ಓಡಬೇಡಿ, ಹಸಿವಾದಾಗ ತಾನೇ ಕೇಳುತ್ತದೆ.' ಆರೋಗ್ಯವಾಗಿರುವ ಮಗುವಿನ ಮಟ್ಟಿಗೆ ಇದು ಸರಿಯಾದ ಸಲಹೆ. ಬೆಕ್ಕಿನ ಮಟ್ಟಿಗೆ ಇದು ಪ್ರಾಣಕ್ಕೇ ಅಪಾಯ.

ಏಕೆಂದು ನೋಡೋಣ. ಊಟ ನಿಂತಾಗ ಯಾವುದೇ ಪ್ರಾಣಿ ತನ್ನ ಮೈಯ ಕೊಬ್ಬನ್ನು ಕರಗಿಸಿ ಬಳಸಿಕೊಳ್ಳುತ್ತದೆ. ಕರಗಿದ ಕೊಬ್ಬು ರಕ್ತದ ಮೂಲಕ ಯಕೃತ್ತಿಗೆ ಬರುತ್ತದೆ. ಯಕೃತ್ತು ಅದನ್ನು ಸಂಸ್ಕರಿಸಿ ಹೊರಗೆ ಕಳಿಸಬೇಕು. ಹೀಗೆ ಕಳಿಸಲು ಪ್ರೋಟೀನಿನ ನೆರವು ಬೇಕು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಶರೀರ ಊಟವಿರಲಿ ಬಿಡಲಿ ಪ್ರೋಟೀನನ್ನು ಖರ್ಚು ಮಾಡುತ್ತಲೇ ಇರುತ್ತದೆ, ಉಳಿತಾಯ ಅದಕ್ಕೆ ಗೊತ್ತಿಲ್ಲ. ಹೀಗಾಗಿ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿಗೆ ಕೊಬ್ಬಿನ ಒಳಹರಿವು ಹೆಚ್ಚುತ್ತದೆ, ಹೊರಹರಿವು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಯಕೃತ್ತು ಕೊಬ್ಬು ತುಂಬಿ ಊದಿಕೊಳ್ಳುತ್ತದೆ, ಕಾಮಾಲೆ ಕಾಣಿಸುತ್ತದೆ. ಕಾಮಾಲೆಯಾದ ಮೇಲೆ ವಾಕರಿಕೆ, ವಾಕರಿಕೆಯಿಂದ ಇನ್ನಷ್ಟು ಉಪವಾಸ. ಹಠಕ್ಕಾಗಿ ಬಿಟ್ಟ ಊಟವನ್ನು ಬೆಕ್ಕು ಈಗ ಬೇಕೆಂದರೂ ತಿನ್ನಲಾರದು.

ಇದರಲ್ಲಿ ವಿಚಿತ್ರವೆಂದರೆ ಬಡಕಲು ಬೆಕ್ಕಿಗಿಂತ ದಪ್ಪ ಬೆಕ್ಕಿಗೆ ಅಪಾಯ ಹೆಚ್ಚು. 'ಮೈಯಲ್ಲಿ ಬೇಕಾದಷ್ಟಿದೆ, ಎರಡು ದಿನ ಬಿಟ್ಟರೆ ಒಳ್ಳೆಯದೇ' ಎಂದು ಮನೆಯವರು ಅಂದುಕೊಳ್ಳುವುದು ಅದೇ ಬೆಕ್ಕಿನ ವಿಷಯದಲ್ಲಿ. ನನಗೆ ಪರಿಚಯವಿರುವ ನಿವೃತ್ತ ಉಪಾಧ್ಯಾಯ ದಂಪತಿಗಳ ಮನೆಯಲ್ಲಿ ಆರು ಕಿಲೋ ತೂಗುವ ಗಂಡು ಬೆಕ್ಕಿತ್ತು. ಮಗಳ ಮದುವೆಗೆಂದು ಮನೆ ತುಂಬ ನೆಂಟರು, ಗದ್ದಲ. ಅದೇ ವಾರ ಅಂಗಡಿಯಲ್ಲಿ ಹಳೆಯ ಆಹಾರದ ಪೊಟ್ಟಣ ಸಿಗದೆ ಬೇರೆಯದನ್ನು ತಂದಿದ್ದರು. ಬೆಕ್ಕು ಮಂಚದ ಕೆಳಗೆ ಸೇರಿಕೊಂಡಿತು. 'ಮದುವೆ ಮುಗಿಯಲಿ, ತಾನೇ ಬರುತ್ತದೆ' ಎಂದು ಬಿಟ್ಟರು. ಐದನೆಯ ದಿನ ಅದರ ಕಿವಿಯ ಒಳಭಾಗ ಅರಿಶಿನ ಹಚ್ಚಿದಂತೆ ಕಂಡಿತು. ಪಶುವೈದ್ಯರು ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಕೊಳವೆ ಹಾಕಿದರು. ಆ ಕೊಳವೆಯಿಂದ ದಿನಕ್ಕೆ ಐದಾರು ಬಾರಿ ತೆಳುವಾದ ಆಹಾರವನ್ನು ಸಿರಿಂಜಿನಲ್ಲಿ ಕೊಡುತ್ತಾ ಆ ತಾಯಿ ಐದು ವಾರ ಕಳೆದರು. ಬೆಕ್ಕು ಉಳಿಯಿತು. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವು ಉಳಿಯುತ್ತವೆ, ತಡವಾದರೆ ಉಳಿಯುವುದಿಲ್ಲ.

ಆದ್ದರಿಂದ ಈ ಗಡುವನ್ನು ನೆನಪಿಡಿ. ದೊಡ್ಡ ಬೆಕ್ಕು 24 ಗಂಟೆ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕೇಳಿ. 48 ಗಂಟೆ ದಾಟಲು ಬಿಡಲೇಬೇಡಿ. ಮರಿಗಳಾದರೆ ಒಂದು ದಿನವೂ ಕಾಯುವಂತಿಲ್ಲ. ನೆಕ್ಕಿದಂತೆ ಮಾಡಿ ಬಿಡುವುದನ್ನು ಊಟ ಎಂದು ಲೆಕ್ಕ ಹಿಡಿಯಬೇಡಿ, ಎಷ್ಟು ಇಟ್ಟಿರಿ, ಎಷ್ಟು ಉಳಿಯಿತು ಎಂದು ನೋಡಿ.

ಹಠವೋ, ರೋಗವೋ?

ಹಠ ಮಾಡುವ ಬೆಕ್ಕಿಗೂ ರೋಗದ ಬೆಕ್ಕಿಗೂ ವ್ಯತ್ಯಾಸ ಹೇಗೆ ತಿಳಿಯಬೇಕು? ಹಠದ ಬೆಕ್ಕು ಒಂದನ್ನು ಬಿಟ್ಟು ಇನ್ನೊಂದನ್ನು ತಿನ್ನುತ್ತದೆ. ಆಡುತ್ತದೆ, ಮೈ ನೆಕ್ಕಿಕೊಳ್ಳುತ್ತದೆ, ಅಡುಗೆಮನೆಯಲ್ಲಿ ಕಾಲಿಗೆ ಸುತ್ತುತ್ತದೆ, ತೂಕ ಇಳಿಯುವುದಿಲ್ಲ. ರೋಗದ ಬೆಕ್ಕು ತನ್ನ ಅತಿ ಪ್ರೀತಿಯ ತಿಂಡಿಯನ್ನೂ ಬಿಡುತ್ತದೆ, ಮೂಲೆ ಸೇರುತ್ತದೆ, ಮೈಯ ಕೂದಲು ಒರಟಾಗುತ್ತದೆ. ಬಟ್ಟಲಿನ ಬಳಿ ಆಸೆಯಿಂದ ಬಂದು, ಬಾಯಿ ಹಾಕಿ, ತಟ್ಟನೆ ಹಿಂದೆ ಸರಿದರೆ ಅಥವಾ ತಲೆಯನ್ನು ಒಂದೇ ಕಡೆ ವಾಲಿಸಿ ಅಗಿದರೆ ಹಲ್ಲು, ವಸಡನ್ನು ಅನುಮಾನಿಸಿ. ವಯಸ್ಸಾದ ಬೆಕ್ಕು ಪದೇ ಪದೇ ನೀರು ಕುಡಿಯುತ್ತಾ, ಊಟ ಕಡಿಮೆ ಮಾಡುತ್ತಾ ಸೊರಗಿದರೆ ಮೂತ್ರಪಿಂಡದ ತೊಂದರೆ ಇರಬಹುದು.

ಗಂಡು ಬೆಕ್ಕು ಊಟ ಬಿಟ್ಟು, ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಎಂದು ಹರಳೆಣ್ಣೆ ಹುಡುಕಬೇಡಿ. ಮೂತ್ರದ ದಾರಿ ಕಟ್ಟಿಕೊಂಡಿರುವ ಸಂಭವ ಹೆಚ್ಚು. ಅದು ಅದೇ ದಿನ, ಅದೇ ಗಂಟೆಯಲ್ಲಿ ನೋಡಿಸಬೇಕಾದ ವಿಷಯ.

ಮನೆಯಲ್ಲಿ ತೂಕದ ಯಂತ್ರವಿದ್ದರೆ ತಿಂಗಳಿಗೊಮ್ಮೆ ಬೆಕ್ಕನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆದು ಬರೆದಿಡಿ. ನಾಲ್ಕು ಕಿಲೋ ಬೆಕ್ಕಿನಲ್ಲಿ ಅರ್ಧ ಕಿಲೋ ಇಳಿಯುವುದೆಂದರೆ ಎಂಬತ್ತು ಕಿಲೋ ಮನುಷ್ಯ ಹತ್ತು ಕಿಲೋ ಇಳಿದಂತೆ. ಜೊತೆಗೆ ನಿಮ್ಮ ತೂಕವೂ ತಿಂಗಳಿಗೊಮ್ಮೆ ಗೊತ್ತಾಗುತ್ತದೆ, ಅದರಿಂದ ನಷ್ಟವೇನಿಲ್ಲ.

ಸಸ್ಯಾಹಾರಿ ಮನೆಯ ಬೆಕ್ಕು

ಇದು ಸ್ವಲ್ಪ ಕಷ್ಟದ ವಿಷಯ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ, ಮೀನು ಒಳಗೆ ಬರುವುದಿಲ್ಲ. ಬೆಕ್ಕಿಗೂ ಹಾಲು, ಮೊಸರನ್ನ, ಚಪಾತಿ, ಬಿಸ್ಕತ್ತು. ಆ ಮನೆಯವರ ಭಾವನೆಯನ್ನು ಗೌರವಿಸಿಯೇ ಹೇಳುತ್ತೇನೆ, ಹೊರಗೆ ಹೋಗಿ ಬೇಟೆಯಾಡದ ಬೆಕ್ಕಿಗೆ ಇದು ಊಟವಲ್ಲ. ನಾಯಿ ಅನ್ನ ತಿಂದು ಬದುಕೀತು, ಬೆಕ್ಕು ಬದುಕುವುದಿಲ್ಲ.

ಟಾರಿನ್ ಎಂಬ ಅಮೈನೋ ಆಮ್ಲವನ್ನು ನಮ್ಮ ಶರೀರ ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ಶರೀರ ಅದಕ್ಕೆ ಸಾಕಾಗುವಷ್ಟು ತಯಾರಿಸಲಾರದು, ಮಾಂಸದಿಂದಲೇ ಪಡೆಯಬೇಕು. ಟಾರಿನ್ ಇಲ್ಲದೆ ಬೆಕ್ಕಿನ ಅಕ್ಷಿಪಟಲ ನಶಿಸಿ ಕುರುಡಾಗುತ್ತದೆ ಎಂಬುದು 1975ರಲ್ಲಿ ತಿಳಿಯಿತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಇನ್ನೂ ಮುಖ್ಯವಾದದ್ದನ್ನು ಕಂಡರು. ಆ ಕಾಲದ ಬೆಕ್ಕುಗಳಲ್ಲಿ ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಕಾಯಿಲೆ ಸಾಮಾನ್ಯವಾಗಿತ್ತು. ಅದರ ಮೂಲ ಟಾರಿನ್ ಕೊರತೆ, ಟಾರಿನ್ ಕೊಟ್ಟರೆ ಹೃದಯ ಮತ್ತೆ ಸುಧಾರಿಸುತ್ತದೆ ಎಂದು ಅವರು ತೋರಿಸಿದರು. ಕಾರ್ಖಾನೆಯ ಆಹಾರ ತಿನ್ನುತ್ತಿದ್ದ ಬೆಕ್ಕುಗಳಿಗೂ ಈ ಗತಿ ಬಂದಿತ್ತು. ಆಮೇಲೆ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು, ಆ ಕಾಯಿಲೆ ಅಪರೂಪವಾಯಿತು.

ವಿಟಮಿನ್ 'ಎ' ವಿಷಯವೂ ಹೀಗೆಯೇ. ನಾವು ಕ್ಯಾರೆಟ್ ತಿಂದರೆ ಅದರ ಬಣ್ಣದಿಂದ ವಿಟಮಿನ್ 'ಎ' ಮಾಡಿಕೊಳ್ಳುತ್ತೇವೆ. ಬೆಕ್ಕಿಗೆ ಆ ವಿದ್ಯೆ ಬರುವುದಿಲ್ಲ. ನಾಯಿಯ ಆಹಾರದ ಪೊಟ್ಟಣ ಅಗ್ಗವೆಂದು ಬೆಕ್ಕಿಗೂ ಅದನ್ನೇ ಹಾಕುವುದೂ ಸರಿಯಲ್ಲ, ಅದನ್ನು ಬೆಕ್ಕಿನ ಲೆಕ್ಕಕ್ಕೆ ಮಾಡಿರುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸಲು ಮನಸ್ಸೊಪ್ಪದವರು ಬೆಕ್ಕಿಗೆಂದೇ ತಯಾರಾದ, 'ಸಂಪೂರ್ಣ ಆಹಾರ' ಎಂದು ಮುದ್ರಿಸಿದ ಪೊಟ್ಟಣವನ್ನು ತಂದು, ಅದಕ್ಕೊಂದು ಬೇರೆ ಬಟ್ಟಲಿಟ್ಟು, ಹಿತ್ತಲಿನಲ್ಲೋ ಬಾಲ್ಕನಿಯಲ್ಲೋ ಹಾಕಬಹುದು. ಅನೇಕ ಮನೆಗಳು ಹೀಗೆ ರಾಜಿ ಮಾಡಿಕೊಂಡಿವೆ.

ಮಾಂಸಾಹಾರಿ ಮನೆಯ ಬೆಕ್ಕು ಸುರಕ್ಷಿತ ಎಂದೂ ತಿಳಿಯಬೇಡಿ. ಮುದ್ದಿನಿಂದ ಆಗುವ ಅನಾಹುತ ಅಲ್ಲಿಯೇ ಹೆಚ್ಚು, ಏಕೆಂದರೆ ಅದು ಕೇಳಿದ್ದನ್ನೇ ಕೊಡುತ್ತಾ ಹೋಗುತ್ತೇವೆ. ಲಿವರ್ ಇಷ್ಟವೆಂದು ದಿನವೂ ಲಿವರನ್ನೇ ತಿನ್ನಿಸಿದರೆ ವಿಟಮಿನ್ 'ಎ' ವಿಷವಾಗುವಷ್ಟು ಸೇರಿ ಕತ್ತಿನ ಮೂಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕತ್ತು ತಿರುಗಿಸಲಾಗದ ಬೆಕ್ಕು ತನ್ನ ಮೈಯನ್ನೂ ನೆಕ್ಕಿಕೊಳ್ಳಲಾರದು. ಮೂಳೆಯಿಲ್ಲದ ಮಾಂಸ ಮಾತ್ರ ತಿಂದ ಮರಿಗಳಿಗೆ ಸುಣ್ಣದ ಅಂಶ ಸಾಲದೆ, ಮೇಜಿನಿಂದ ಹಾರಿದರೂ ಕಾಲು ಮುರಿಯುತ್ತದೆ. ಕೆಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ 'ಬಿ1' ಅನ್ನು ಹಾಳುಮಾಡುವ ಕಿಣ್ವವಿದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಎಣ್ಣೆ ಮೀನೊಂದನ್ನೇ ತಿಂಗಳುಗಟ್ಟಲೆ ಕೊಟ್ಟರೆ ವಿಟಮಿನ್ 'ಇ' ಕಡಿಮೆಯಾಗಿ ಚರ್ಮದಡಿಯ ಕೊಬ್ಬಿಗೆ ಉರಿಯೂತ ಬಂದು, ಬೆಕ್ಕನ್ನು ಮುಟ್ಟಿದರೆ ನೋವಿನಿಂದ ಕೂಗುತ್ತದೆ.

ಮನೆಯಲ್ಲೇ ಬೇಯಿಸಿ ಕೊಡುವವರು ಕೋಳಿಯ ಎದೆಯ ಭಾಗಕ್ಕಿಂತ ತೊಡೆಯ ಮಾಂಸ ಮತ್ತು ಹೃದಯವನ್ನು ಆರಿಸಿಕೊಳ್ಳಲಿ, ಅವುಗಳಲ್ಲಿ ಟಾರಿನ್ ಹೆಚ್ಚು. ಟಾರಿನ್ ನೀರಿನಲ್ಲಿ ಇಳಿಯುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಮಾಂಸದ ಮೇಲೆ ಸುರಿಯಿರಿ. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಅದನ್ನು ತೆಗೆದುಬಿಡಿ. ಆದರೂ ಮನೆಯ ಅಡುಗೆಯೊಂದರಿಂದಲೇ ಎಲ್ಲ ಪೋಷಕಾಂಶ ಒದಗಿಸುವುದು ಸುಲಭವಲ್ಲ. ದಿನದ ಒಂದು ಭಾಗವಾದರೂ ತಯಾರಿಸಿದ ಆಹಾರವಿದ್ದರೆ ಕ್ಷೇಮ.

ಇನ್ನು ಹಾಲು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ನಮ್ಮ ಗಾದೆಯಲ್ಲಿದೆ, ಆದರೆ ಹಾಲು ದೊಡ್ಡ ಬೆಕ್ಕಿಗೆ ಅಗತ್ಯವಿಲ್ಲ. ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಅದರ ಕರುಳಿನಲ್ಲಿ ಕಡಿಮೆಯಾಗುತ್ತದೆ, ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ. ಭೇದಿಯಾಗದ ಬೆಕ್ಕಿಗೆ ಎರಡು ಚಮಚ ಕೊಟ್ಟರೆ ಮುಳುಗಿ ಹೋಗುವುದೇನಿಲ್ಲ. ಲೋಟಗಟ್ಟಲೆ ಕುಡಿಸಿ, 'ಊಟವನ್ನೇ ಮಾಡುವುದಿಲ್ಲ' ಎನ್ನಬೇಡಿ. ನೂರು ಮಿಲಿಲೀಟರ್ ಹಾಲಿನಲ್ಲಿ 60 ಕ್ಯಾಲೊರಿಗೂ ಹೆಚ್ಚಿರುತ್ತದೆ, ಅಂದರೆ ಅದರ ದಿನದ ಊಟದ ಕಾಲು ಭಾಗ ಮುಗಿಯಿತು. ಒಂದು ಚೀಸ್ ತುಂಡಿನದೂ ಇದೇ ಲೆಕ್ಕ. ಮನೆಯ ಐದು ಜನ ಐದು ಸಲ ಗುಟ್ಟಾಗಿ ತಿನ್ನಿಸಿ, ಸಂಜೆ ಬಟ್ಟಲು ಮುಟ್ಟಲಿಲ್ಲವೆಂದು ಚಿಂತಿಸುವ ಮನೆಗಳೂ ಇವೆ. ಇಂತಹ ಬೆಕ್ಕುಗಳು ದಪ್ಪವಾಗುತ್ತವೆ, ಅವುಗಳಿಗೂ ನಮ್ಮಂತೆಯೇ ಸಕ್ಕರೆ ಕಾಯಿಲೆ ಬರುತ್ತದೆ, ಇನ್ಸುಲಿನ್ ಚುಚ್ಚಬೇಕಾಗುತ್ತದೆ.

ಹಠ ಬಿಡಿಸುವುದು ಹೇಗೆ?

ರೋಗವಿಲ್ಲ ಎಂದು ಖಚಿತವಾದ ಮೇಲೆ ನಿಧಾನವಾಗಿ ಅಭ್ಯಾಸ ಬದಲಿಸಬಹುದು. ದಿನವಿಡೀ ಬಟ್ಟಲು ತುಂಬಿಡುವ ಬದಲು ಮೂರು ನಾಲ್ಕು ನಿಗದಿತ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪ ಇಡಿ. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ತೆಗೆಯಿರಿ. ಮುಂದಿನ ಹೊತ್ತಿಗೆ ಮತ್ತೆ ಹೊಸದಾಗಿ, ಬೆಚ್ಚಗೆ ಇಡಿ. ಒಂದನ್ನು ಮೂಸಿ ಬಿಟ್ಟ ಕೂಡಲೇ ಎರಡನೆಯದು, ಅದನ್ನೂ ಬಿಟ್ಟರೆ ಮೂರನೆಯದು ಎಂದು ತೆರೆಯುತ್ತಾ ಹೋದರೆ ಬೆಕ್ಕು ಕಲಿಯುವುದು ಒಂದೇ ಪಾಠ, ಕಾದರೆ ಇನ್ನೂ ಒಳ್ಳೆಯದು ಬರುತ್ತದೆ ಎಂಬುದು. ಈ ಪಾಠವನ್ನು ನಮ್ಮ ಮಕ್ಕಳೂ ಹೀಗೆಯೇ ಕಲಿಯುತ್ತಾರೆ. ಆದರೆ ಮೇಲೆ ಹೇಳಿದ 24 ಗಂಟೆಯ ಗಡುವು ಈ ಶಿಸ್ತಿಗೂ ಅನ್ವಯಿಸುತ್ತದೆ. ಹಳೆಯ ಆಹಾರವನ್ನು ಪೂರ್ತಿ ನಿಲ್ಲಿಸಿ ಸೋಲಿಸುವ ಪಂದ್ಯ ಬೇಡ.

ಹೊಸ ಆಹಾರಕ್ಕೆ ಬದಲಿಸುವಾಗ ಮೊದಲ ಎರಡು ದಿನ ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು. ಹೀಗೆ ಹೆಚ್ಚಿಸುತ್ತಾ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ, ತೀರಾ ಹಠಮಾರಿಯಾದರೆ ಮೂರು ನಾಲ್ಕು ವಾರವೂ ಆಗಬಹುದು. ಬಟ್ಟಲು ಅಗಲವಾಗಿ, ಚಪ್ಪಟೆಯಾಗಿ ಇರಲಿ. ದಿನವೂ ತೊಳೆಯಿರಿ, ಹಳೆಯ ಕೊಬ್ಬಿನ ಕಮಟು ನಮಗೆ ತಿಳಿಯದಿದ್ದರೂ ಬೆಕ್ಕಿಗೆ ತಿಳಿಯುತ್ತದೆ. ಮಲಮೂತ್ರದ ತಟ್ಟೆಯ ಪಕ್ಕ ಊಟವಿಡಬೇಡಿ. ಎರಡು ಬೆಕ್ಕುಗಳಿದ್ದರೆ ಒಂದಕ್ಕೊಂದು ಕಾಣದಂತೆ ಬೇರೆ ಬೇರೆ ಕಡೆ ಇಡಿ, ಎಷ್ಟೋ ಸಲ 'ಹಠಮಾರಿ' ಬೆಕ್ಕು ನಿಜವಾಗಿ ಹೆದರಿದ ಬೆಕ್ಕಾಗಿರುತ್ತದೆ. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ್ದರಿಂದ ಇದಕ್ಕೆ ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರು ನೂರಕ್ಕೆ ಹತ್ತರಷ್ಟು ಮಾತ್ರ. ಒಣ ಆಹಾರ ತಿನ್ನುವ ಬೆಕ್ಕಿಗೆ ಮನೆಯ ಎರಡು ಮೂರು ಕಡೆ ಶುದ್ಧ ನೀರು ಬೇಕು.

ಔಷಧದ ಡಬ್ಬಿಯಿಂದ ದೂರ

ಊಟ ಬಿಟ್ಟ ಬೆಕ್ಕಿನ ಮೈ ಬಿಸಿಯಿದೆಯೆಂದು ಮಕ್ಕಳ ಜ್ವರದ ಸಿರಪ್ಪನ್ನೋ ಅರ್ಧ ಮಾತ್ರೆಯನ್ನೋ ಕೊಡುವವರಿದ್ದಾರೆ. ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು ಎನಿಸುತ್ತದೆ: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಈ ಔಷಧವನ್ನು ಯಾವ ದಾರಿಯಿಂದ ಹೊರಹಾಕುತ್ತದೋ ಆ ದಾರಿ ಬೆಕ್ಕಿನಲ್ಲಿ ಬಹುಪಾಲು ಮುಚ್ಚಿದೆ. ನಮಗೆ ತಲೆನೋವು ಇಳಿಸುವ 500 ಮಿಲಿಗ್ರಾಂ ಮಾತ್ರೆ ಒಂದೇ ಸಾಕು, ಬೆಕ್ಕು ಸಾಯಬಹುದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಬೆಕ್ಕಿನ ಮೈ ಸಹಜವಾಗಿಯೇ ನಮಗಿಂತ ಬಿಸಿ, ಸುಮಾರು 38.5 ಡಿಗ್ರಿ ಸೆಲ್ಸಿಯಸ್. ಕೈಯಿಂದ ಮುಟ್ಟಿ ಜ್ವರವೆಂದು ತೀರ್ಮಾನಿಸುವುದೇ ತಪ್ಪು. ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳೂ ಬೇಡ. ಕೊಟ್ಟುಬಿಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಪಶುವೈದ್ಯರ ಬಳಿ ಹೋಗಿ. ಪ್ಯಾರಾಸಿಟಮಾಲ್ ಹೆಚ್ಚಾದ ಮನುಷ್ಯರಿಗೆ ಕೊಡುವ ಪ್ರತಿವಿಷವೇ ಬೆಕ್ಕಿಗೂ ಕೆಲಸ ಮಾಡುತ್ತದೆ, ಬೇಗ ಕೊಟ್ಟರೆ ಮಾತ್ರ.

ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ಶತ್ರುಗಳೇ. ಹಸಿಯಿರಲಿ, ಬೆಂದಿರಲಿ, ಪುಡಿಯಿರಲಿ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ರುಚಿ ಹತ್ತಲೆಂದು ಸಾರಿನ ಮಾಂಸವನ್ನೋ ಮಸಾಲೆ ಮೀನನ್ನೋ ಹಾಕುವವರು ಇದನ್ನು ಗಮನಿಸಬೇಕು. ಬೆಕ್ಕಿನ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಡಿ. ಚಾಕೊಲೆಟ್ ಕೂಡ ಬೇಡ. ಹೂದಾನಿಯಲ್ಲಿ ಲಿಲ್ಲಿ ಹೂ ಇಡುವ ಮನೆಯಲ್ಲಿ ಬೆಕ್ಕು ಇರಬಾರದು, ಎಲೆಯೊಂದನ್ನು ಅಗಿದರೂ ಮೂತ್ರಪಿಂಡ ಕೈಕೊಡಬಹುದು.

ಮನೆಯವರ ಆರೋಗ್ಯ

ಹಠ ಬಿಡಿಸಲು ಹಸಿ ಮಾಂಸ, ಕಾಯಿಸದ ಹಾಲು ಕೊಡುವುದು ಈಗ ಕೆಲವರಲ್ಲಿ ರೂಢಿಗೆ ಬರುತ್ತಿದೆ. ನನ್ನ ಸಲಹೆ, ಬೇಡ. 2024ರಲ್ಲಿ ಅಮೆರಿಕದ ಟೆಕ್ಸಾಸಿನ ಹೈನುಮನೆಗಳಲ್ಲಿ ಹಕ್ಕಿಜ್ವರ ತಗುಲಿದ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿಯೂ ಸಾಕುಬೆಕ್ಕುಗಳಲ್ಲಿ ಆ ವೈರಾಣು ಕಂಡಿತು. ಚೆನ್ನಾಗಿ ಬೇಯಿಸಿದರೆ, ಕಾಯಿಸಿದರೆ ವೈರಾಣು ಉಳಿಯುವುದಿಲ್ಲ.

ಗರ್ಭಿಣಿಯಿರುವ ಮನೆಯಲ್ಲಿ ಇನ್ನೊಂದು ಭಯ, ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯದು. ಇದು ಗರ್ಭದ ಶಿಶುವಿನ ಕಣ್ಣು, ಮೆದುಳಿಗೆ ಹಾನಿ ಮಾಡಬಲ್ಲದು. ಇದನ್ನು ಕೇಳಿ ಗಾಬರಿಯಾಗಿ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟು ಬಂದವರಿದ್ದಾರೆ. ಹಾಗೆ ಮಾಡಬೇಕಿಲ್ಲ. ಬೆಕ್ಕಿಗೆ ಈ ಜೀವಿ ಬರುವುದು ಇಲಿ, ಹಸಿ ಮಾಂಸ ತಿಂದಾಗ. ಮೊದಲ ಸಲ ತಗುಲಿದಾಗ ಒಂದರಿಂದ ಮೂರು ವಾರ ಮಾತ್ರ ಅದರ ಮಲದಲ್ಲಿ ತತ್ತಿಗಳು ಹೊರಬೀಳುತ್ತವೆ. ಆ ತತ್ತಿಗಳು ಸೋಂಕು ತಗುಲಿಸುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಬೇಯಿಸಿದ ಆಹಾರ ತಿಂದು ಮನೆಯೊಳಗೇ ಇರುವ ಬೆಕ್ಕಿನಿಂದ ಅಪಾಯ ಬಹಳ ಕಡಿಮೆ. ಅದರ ಮಲದ ತಟ್ಟೆಯನ್ನು ದಿನವೂ ಖಾಲಿ ಮಾಡಬೇಕು, ಆ ಕೆಲಸವನ್ನು ಗರ್ಭಿಣಿಯ ಬದಲು ಗಂಡನೋ ಅತ್ತೆಯೋ ಮಾಡಬೇಕು. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣು ಇವುಗಳಿಂದಲೂ ಇದೇ ರೋಗ ಬರುತ್ತದೆ ಎಂಬುದನ್ನು ಮರೆಯಬಾರದು.

ಕೊನೆಗೆ ಬಲವಂತದ ಊಟದ ಮಾತು. ಬಾಯಿ ಅಗಲಿಸಿ ತುರುಕಲು ಹೋಗಿ ಬೆರಳು ಕಚ್ಚಿಸಿಕೊಂಡು ಬರುವವರನ್ನು ನಾವು ಆಗಾಗ ನೋಡುತ್ತೇವೆ. ಹೀಗೆ ತುರುಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು, ಆ ಆಹಾರದ ಮೇಲೆ ಬೆಕ್ಕಿಗೆ ಶಾಶ್ವತ ದ್ವೇಷ ಹುಟ್ಟಬಹುದು. ಬೆಕ್ಕಿನ ಹಲ್ಲು ಸೂಜಿಯಂತಿರುವುದರಿಂದ ಹೊರಗೆ ಚಿಕ್ಕ ಚುಕ್ಕೆ ಕಂಡರೂ ರೋಗಾಣುಗಳು ಆಳಕ್ಕೆ ಇಳಿದಿರುತ್ತವೆ. ಮರುದಿನಕ್ಕೆ ಬೆರಳು ಬಾತು ಕೀವಾಗುವುದು ಸಾಮಾನ್ಯ. ಕಚ್ಚಿದ ಕೂಡಲೇ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ನಾಯಿಯಂತೆ ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ, ಆದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿದ ಸಾಕುಬೆಕ್ಕೇ ಕಚ್ಚಿದ್ದರೂ ವೈದ್ಯರಿಗೆ ತೋರಿಸಿ, ಬೆಕ್ಕಿನ ಲಸಿಕೆಯ ಕಾರ್ಡನ್ನೂ ಜೊತೆಗೆ ಒಯ್ಯಿರಿ, ಚುಚ್ಚುಮದ್ದು ಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸಲಿ.